ಮಾವ, ಹೋಗಿ ಬರೋಣ

ನಾನು ಕೇಂದ್ರ ಸರ್ಕಾರದ ಸೇವೆಯಿಂದ ನಿವೃತ್ತನಾದ ಮರುವರ್ಷದ ಮೇ ತಿಂಗಳಲ್ಲಿ ನಡೆದದ್ದು ಇದು. ದೆಹಲಿಯಲ್ಲಿ ಮೇ ಎಂದರೆ ಮರ್ಯಾದಸ್ಥರು ಮಧ್ಯಾಹ್ನದ ಹೊತ್ತು ಮನೆ ಬಿಟ್ಟು ಕದಲದ ತಿಂಗಳು. ನಿವೃತ್ತನಿಗಂತೂ ಕದಲಲು ಕಾರಣವೂ ಇರುವುದಿಲ್ಲ. ಕರೋಲ್ ಬಾಗ್‌ನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಕೂಲರಿನ ಎದುರು ಕುಳಿತು, ಯಾರೂ ನನಗೆ ವಹಿಸದ ಕೆಲಸವೊಂದನ್ನು ನಾನು ಶ್ರದ್ಧೆಯಿಂದ ಮಾಡುತ್ತಿದ್ದೆ. ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಪದ ಕಟ್ಟುವುದು. ಎದುರಿಗಿದ್ದ ಕೂಲರಿಗೆ ‘ಶೈತ್ಯಕ’ ಎಂದು ನಾಮಕರಣ ಮಾಡಿದ್ದೆ. ಆ ಪದವನ್ನು ಇದುವರೆಗೆ ನನ್ನ ಹೆಂಡತಿ ಲಲಿತಾ ಒಬ್ಬಳೇ ಬಳಸಿದ್ದಾಳೆ, ಅದೂ ಒಂದೇ ಸಲ, ನೆಂಟರ ಎದುರಿಗೆ: “ರೀ, ನಿಮ್ಮ ಶೈತ್ಯಕ ಸೋರ್ತಾ ಇದೆ.”

ಇಂಥ ನನ್ನನ್ನು ನಮ್ಮ ಕುಟುಂಬ ಒಂದು ಭಾನುವಾರ ಏಕಸದಸ್ಯ ಸಮಿತಿಯಾಗಿ ನೇಮಿಸಿತು. ವಿಷಯ ಹೀಗಿತ್ತು.

ನನ್ನ ತಂಗಿ ಸುಮಿತ್ರಾ ನೋಯ್ಡಾದಲ್ಲಿದ್ದಾಳೆ. ಅವಳ ಒಬ್ಬಳೇ ಮಗಳು ಅನಘ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ಹಿಂದಿಯ ವ್ಯಾಕರಣ ನುಸುಳಿಕೊಳ್ಳುತ್ತದೆ. ಹಿಂದಿಯಲ್ಲಿ ನಿರ್ಜೀವ ವಸ್ತುಗಳೂ ಗಂಡೋ ಹೆಣ್ಣೋ ಆಗಿರಬೇಕಲ್ಲ, ಹಾಗಾಗಿ ಅವಳ ಕನ್ನಡದಲ್ಲಿ ಗಾಳಿ “ಬರ್ತಾಳೆ”, ಫೋನು “ಕೆಟ್ಟುಹೋದ”. ಅವಳು ಪೈಲಟ್. ಹರಿಯಾಣದ ಕಡೆ ಇರುವ ಒಂದು ಹಾರಾಟದ ಶಾಲೆಯಲ್ಲಿ ವರ್ಷದಿಂದ ಕೆಲಸ ಮಾಡುತ್ತಿದ್ದಳು. ಈಗ ಅವಳನ್ನು ಕಾಯಂ ಶಿಕ್ಷಕಿಯಾಗಿ ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಅದೇ ಸಮಯಕ್ಕೆ ನೋಯ್ಡಾದ ಒಂದು ಕಂಪನಿಯೂ ಅವಳನ್ನು ಕರೆದಿತ್ತು. ಅಲ್ಲಿ ಕುರ್ಚಿ, ಎ.ಸಿ., ಮನೆ ಬಾಗಿಲಿಗೆ ಕ್ಯಾಬ್.

“ಕುರ್ಚಿಯಿಂದ ಬಿದ್ರೆ ಎಷ್ಟು ಅಂತ ಬೀಳ್ತಾಳೆ?” ಎನ್ನುವುದು ಸುಮಿತ್ರಾಳ ವಾದ. ಅದಕ್ಕೆ ಇದುವರೆಗೆ ಯಾರಿಗೂ ಉತ್ತರ ಹೊಳೆದಿಲ್ಲ.

ಸುಮಿತ್ರಾ ಜಗಳ ಆಡುವವಳಲ್ಲ. ಅವಳ ಪ್ರತಿಭಟನೆಗೆ ಬೇರೆಯೇ ರೀತಿ ಇತ್ತು. ಮಗಳು ಹಾರಲು ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಂತೆ ತಾಯಿ ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿಬಿಡುತ್ತಿದ್ದಳು. ಆ ಸದ್ದಿನಲ್ಲಿ ಮಗಳು ಏನು ಹೇಳಿದರೂ ಕೇಳಿಸುವಂತಿಲ್ಲ. ಕೇಳಿಸದ ಮಾತಿಗೆ “ಹೋಗ್ಬಾ” ಎಂದು ಉತ್ತರ ಕೊಡುವ ಹೊಣೆಯೂ ಇಲ್ಲ. ಒಂದು ವರ್ಷ ಹೀಗೇ ನಡೆಯಿತು. ಮಗಳು ಹಾರಿದ ದಿನವೆಲ್ಲ ಅವರ ಮನೆಯಲ್ಲಿ ಚಟ್ನಿ. ಓಖ್ಲಾದ ಮುದ್ರಣಾಲಯವೊಂದರಲ್ಲಿ ಮ್ಯಾನೇಜರ್ ಆಗಿರುವ ನಮ್ಮ ಭಾವ ಈ ವಿವಾದದಲ್ಲಿ ಮೊದಲಿಂದಲೂ ಒಂದೇ ನಿಲುವು ತಳೆದಿದ್ದರು. ತಲೆ ತಗ್ಗಿಸಿ ಚಟ್ನಿ ತಿನ್ನುವುದು.

ಆ ಭಾನುವಾರ ಊಟದ ಮಧ್ಯೆ ಸುಮಿತ್ರಾ ನನ್ನ ಕಡೆ ತಿರುಗಿದಳು. “ಅಣ್ಣ, ಎಲ್ಲದಕ್ಕೂ ನಿನ್ನ ಹತ್ರ ಅಭಿಪ್ರಾಯ ಇರತ್ತಲ್ಲ. ಒಂದ್ಸಲ ಇವಳ ಪಕ್ಕದಲ್ಲಿ ಕೂತ್ಕೊಂಡು ಹಾರಿ ನೋಡ್ಕೊಂಡು ಬಾ. ನೀನು ಬೇಡ ಅಂದ್ರೆ ಬೇಡ, ಸರಿ ಅಂದ್ರೆ ಸರಿ. ಆಮೇಲೆ ನಾನು ಮಾತಾಡಲ್ಲ.”

“ಡನ್,” ಎಂದಳು ಅನಘ. “ಮಾವ ಏನ್ ಹೇಳಿದ್ರೂ ಚಲೇಗಾ. ಬೇಡ ಅಂದ್ರೆ ನೋಯ್ಡಾ ಕುರ್ಚಿ.”

ಸಮಿತಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಎತ್ತರದ ವಿಷಯದಲ್ಲಿ ನನ್ನ ಅನುಭವ ಮೆಟ್ರೋ ನಿಲ್ದಾಣದ ಎಸ್ಕಲೇಟರಿನದ್ದು ಮಾತ್ರ ಎಂಬುದನ್ನು ಹೇಳಲು ಬಾಯಿ ತೆರೆದೆ. ಲಲಿತಾ ಅದಕ್ಕೆ ಇನ್ನೊಂದು ಚಮಚ ಪಾಯಸ ಬಡಿಸಿದಳು.

ಗೊತ್ತುಮಾಡಿದ ದಿನ ಅನಘ ನನ್ನನ್ನು ಕರೆದೊಯ್ಯಲು ಕರೋಲ್ ಬಾಗ್‌ಗೆ ಬಂದಳು. ಜೊತೆಯಲ್ಲಿ ಸುಮಿತ್ರಾ. ನಾವು ಬರುವವರೆಗೆ ಲಲಿತಾಳ ಜೊತೆ ಕುಳಿತಿರುತ್ತೇನೆ ಎಂದಳು. ಊಟವಾಗಿ ಬಿಸಿಲು ಇಳಿಮುಖವಾದಾಗ ನಾವು ಎದ್ದೆವು. ಲಲಿತಾ ನನ್ನ ಕೈಗೆ ಕೋಡುಬಳೆಯ ಒಂದು ಪುಟ್ಟ ಡಬ್ಬಿ ಕೊಟ್ಟಳು. ಆಕಾಶದಲ್ಲಿ ಹಸಿವಾದರೆ ಎಂದು.

“ಅತ್ತೆ, ನಾವು ಹೋಗ್ತೀವಿ,” ಎಂದಳು ಅನಘ.

ಲಲಿತಾ ಬಾಗಿಲಿಗೆ ಅಡ್ಡ ನಿಂತಳು. “ಏನಂದೆ?”

“ಹೋಗ್ತೀವಿ.”

“ಹಾಗಂತಾರೇನೇ? ಅದೂ ವಿಮಾನ ಹತ್ತೋಕೆ ಮುಂಚೆ! ಹೋಗಿ ಬರ್ತೀವಿ ಅನ್ನು.”

“ಸೇಮ್ ಥಿಂಗ್ ಅತ್ತೆ.”

“ಸೇಮ್ ಅಲ್ಲ ಕಣೆ. ಒಂದರಲ್ಲಿ ಬರೋದು ಇದೆ, ಇನ್ನೊಂದರಲ್ಲಿ ಇಲ್ಲ. ಅನ್ನು.”

“ಹೋಗಿ ಬರ್ತೀವಿ,” ಎಂದು ಅನಘ ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿದಳು. ಅನ್ನುವಾಗ ಅವಳು ನೋಡಿದ್ದು ಅತ್ತೆಯ ಕಡೆಗಲ್ಲ, ಒಳಗಡೆಗೆ.

“ಹೂಂ. ಹೋಗ್ಬನ್ನಿ,” ಎಂದು ಲಲಿತಾ ದಾರಿ ಬಿಟ್ಟಳು. ಅಷ್ಟರಲ್ಲಿ ಅಡುಗೆಮನೆಯಿಂದ ಮಿಕ್ಸಿಯ ಸದ್ದು ಕೇಳಿಸಿತು. ನಮ್ಮ ಮನೆಯ ಮಿಕ್ಸಿ. ಅದರೊಳಗೆ ಸುಮಿತ್ರಾ ಏನು ಹಾಕಿದ್ದಳೋ, ಊಟವಂತೂ ಮುಗಿದಿತ್ತು.

ಶಾಲೆಯ ಅಂಗಳದಲ್ಲಿ ಆ ವಿಮಾನವನ್ನು ಕಂಡಾಗ ಸಮಿತಿಗೆ ಆದ ಮೊದಲ ಅನಿಸಿಕೆ, ಇದು ಪೂರ್ತಿ ಬಂದಿದೆಯೋ, ಉಳಿದದ್ದು ಹಿಂದೆ ಬರುತ್ತಿದೆಯೋ ಎಂಬುದು. ಒಂದೇ ಎಂಜಿನ್, ನಾಲ್ಕು ಸೀಟು, ನಮ್ಮ ಅಡುಗೆಮನೆಯ ಬಾಗಿಲಿಗಿಂತ ತೆಳುವಾದ ಬಾಗಿಲು. ಅನಘ ಅದಕ್ಕೊಂದು ಪ್ರದಕ್ಷಿಣೆ ಬಂದಳು. ರೆಕ್ಕೆ ತಟ್ಟಿದಳು, ಚಕ್ರ ಒತ್ತಿ ನೋಡಿದಳು. ಚಿಕ್ಕ ಏಣಿ ಹಾಕಿ ಟ್ಯಾಂಕಿಗೆ ಕೋಲು ಇಳಿಸಿ ಇಂಧನ ಅಳೆದಳು.

“ಒಳಗೆ ಮೀಟರ್ ಇಲ್ವೇನಮ್ಮ?”

“ಇದಾನೆ ಮಾವ. ಆದ್ರೆ ನಾನು ಅವನನ್ನ ಒಬ್ಬನ್ನೇ ನಂಬಲ್ಲ.”

ಉತ್ತರ ಸಮಿತಿಗೆ ತೃಪ್ತಿಕರವಾಗಿತ್ತು. ನನ್ನ ಸೇವಾವಧಿಯಲ್ಲಿ ನಾನೂ ಯಾವನೊಬ್ಬನನ್ನೇ ನಂಬಿದವನಲ್ಲ.

ಆಮೇಲೆ ಅವಳು ನನ್ನ ತೂಕ ಕೇಳಿದಳು. ಹೇಳಿದೆ. ಅವಳು ನನ್ನ ಹೊಟ್ಟೆಯ ಕಡೆ ನೋಡಿ, “ಮಾವ, ಇದು ವಿಮಾನಕ್ಕೆ. ಅತ್ತೆಗೆ ಹೇಳಲ್ಲ. ನಿಜ ಹೇಳಿ,” ಎಂದಳು. ತಿದ್ದುಪಡಿ ಮಾಡಿ ಹೇಳಿದೆ.

ಒಳಗೆ ಅವಳು ಎಡಗಡೆ, ನಾನು ಬಲಗಡೆ. ನನ್ನ ಮುಂದೆಯೂ ಅವಳ ಮುಂದಿರುವಂಥದೇ ಒಂದು ಹಿಡಿಕೆ ಇತ್ತು. ಅದನ್ನು ಮುಟ್ಟಬಾರದು ಎಂದಳು. ಮುಟ್ಟುವ ಉದ್ದೇಶ ನನಗಿರಲಿಲ್ಲ. ತಲೆಗೆ ಹೆಡ್‌ಫೋನು ಹಾಕಿ, ಬೆಲ್ಟು ಬಿಗಿದು, ಅವಳು ವಿವರಣೆ ಕೊಡತೊಡಗಿದಳು.

“ಮಾವ, ಇಳಿಯೋವಾಗ ನನಗೆ ಸರಿ ಅನ್ನಿಸ್ಲಿಲ್ಲ ಅಂದ್ರೆ ನಾನು ಇಳಿಯಲ್ಲ. ಫುಲ್ ಪವರ್ ಕೊಟ್ಟು ಮತ್ತೆ ಮೇಲೆ. ಗೋ ಅರೌಂಡ್ ಅಂತೀವಿ. ಆವಾಗ ಎಂಜಿನ್ ಜೋರಾಗಿ ಕಿರುಚ್ತಾನೆ. ಟೆನ್ಷನ್ ತಗೋಬೇಡಿ.”

“ಗೋ ಅರೌಂಡ್‌ಗೆ ಕನ್ನಡದಲ್ಲಿ ಏನಂತಾರೆ?”

“ಕನ್ನಡದಲ್ಲಾ? ಯಾರೂ ಕೇಳಿಲ್ಲ ಮಾವ ಇದುವರೆಗೆ.”

ಸಮಿತಿಯ ಕಲಾಪ ಕನ್ನಡದಲ್ಲೇ ನಡೆಯತಕ್ಕದ್ದು ಎಂದು ನಾನು ಅಲ್ಲೇ ತೀರ್ಮಾನಿಸಿ, ಕಣ್ಣು ಮುಚ್ಚಿ ಯೋಚಿಸಿ, ಪದ ಕೊಟ್ಟೆ: “ಪುನರಾರೋಹಣ.”

“ಪುನರ್... ಕ್ಯಾ?”

“ಪುನರಾರೋಹಣ. ಮತ್ತೆ ಏರುವುದು. ಆ ಪದ ಕೇಳಿದ್ರೆ ನನಗೆ ಏನಾಗ್ತಿದೆ ಅಂತ ತಿಳಿಯುತ್ತೆ, ಗಾಬರಿ ಆಗಲ್ಲ.”

“ಅಚ್ಛಾ. ಪುನಾರಾ... ರೋಹಣ್.” ಅವಳು ನಾಲಗೆ ಹೊರಳಿಸಿ ಎರಡು ಸಲ ಅಭ್ಯಾಸ ಮಾಡಿ, “ಚಲೋ ಮಾವ” ಎಂದು ಎಂಜಿನ್ ಶುರುಮಾಡಿದಳು.

ಏರಿದ್ದು ನನಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದ್ದೆ. ತೆರೆದಾಗ ಕೆಳಗೆ ಕೊಯ್ಲು ಮುಗಿದ ಗೋಧಿಯ ಹೊಲಗಳು, ಇಟ್ಟಿಗೆಗೂಡಿನ ಕೊಳವೆಗಳು, ಹೆದ್ದಾರಿಯಲ್ಲಿ ಇರುವೆ ಸಾಲಿನಂತೆ ಲಾರಿಗಳು. ದೂರದಲ್ಲಿ ದೆಹಲಿಯ ಮೇಲೆ ಬೂದುಬಣ್ಣದ ಮುಚ್ಚಳ. ಒಂದು ಕೊಳದ ಮೇಲೆ ನಮ್ಮ ನೆರಳು ಹಾದು ಹೋಯಿತು. ಇಷ್ಟು ಚಿಕ್ಕದಾಗಿರುವುದರಲ್ಲೂ ಒಂದು ಸುಖವಿದೆ ಎನ್ನಿಸಿತು. ವರದಿಯ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ರಚಿಸಿಕೊಳ್ಳತೊಡಗಿದೆ.

ಆಂಧಿ ರಾತ್ರಿ ಬರಬಹುದೆಂದು ಮುನ್ಸೂಚನೆ ಇತ್ತು. ದೆಹಲಿಯ ಬೇಸಿಗೆ ಕಂಡವರಿಗೆ ಆಂಧಿ ಗೊತ್ತು. ಪಶ್ಚಿಮದ ಮರಳುಗಾಡಿನ ಕಡೆಯಿಂದ ಎದ್ದು ಬರುವ ಧೂಳಿನ ಬಿರುಗಾಳಿ. ಅನಘ ಹೊರಡುವ ಮೊದಲು ಎರಡು ಸಲ ವಿಚಾರಿಸಿ, ಅಷ್ಟರೊಳಗೆ ಬಂದುಬಿಡುತ್ತೇವೆ ಎಂದಿದ್ದಳು. ಆದರೆ ರಾತ್ರಿ ಬರಬೇಕೆಂಬುದು ಆಂಧಿಗೆ ತಿಳಿದಿರಲಿಲ್ಲ ಎಂದು ಕಾಣುತ್ತದೆ. ನಾವು ಹಿಂದಿರುಗುವ ಹೊತ್ತಿಗೆ ಪಶ್ಚಿಮದ ಅಂಚಿನಲ್ಲಿ ಕಂದು ಬಣ್ಣದ ಗೋಡೆಯೊಂದು ಎದ್ದಿತ್ತು. ಗೋಡೆ ನಿಂತಿರಲಿಲ್ಲ, ನಡೆಯುತ್ತಿತ್ತು.

“ಬೇಗ ಬಂದ್ಬಿಟ್ಲು,” ಎಂದಳು ಅನಘ. ಹಿಂದಿಯಲ್ಲಿ ಆಂಧಿಯೂ ಹೆಣ್ಣು.

ರೇಡಿಯೋದಲ್ಲಿ ಕೆಳಗಿನವರು ಗಾಳಿಯ ದಿಕ್ಕು, ವೇಗ ಹೇಳುತ್ತಿದ್ದರು. ಅವಳು ಶಾಂತವಾಗಿ ಉತ್ತರಿಸುತ್ತಿದ್ದಳು. ನನಗೆ ಹೇಳಿದ್ದು ಇಷ್ಟು: “ನಮ್ಮ ರನ್‌ವೇ ದಕ್ಷಿಣದಿಂದ ಉತ್ತರಕ್ಕೆ ಮಾವ. ಗಾಳಿ ಎಡಗಡೆಯಿಂದ ಅಡ್ಡ ಬರ್ತಿದಾಳೆ. ಧೂಳು ಇನ್ನೂ ದೂರ ಇದೆ, ರನ್‌ವೇ ಕ್ಲಿಯರ್ ಕಾಣ್ತಿದೆ. ಒಂದ್ಸಲ ನೋಡ್ತೀನಿ.”

ರನ್‌ವೇ ನನಗೂ ಕಂಡಿತು. ಆದರೆ ಕಾಣಬಾರದ ಜಾಗದಲ್ಲಿ. ನಮ್ಮ ಮೂತಿಯ ನೇರಕ್ಕೆ ಇರಬೇಕಾದ್ದು ನನ್ನ ಬಲಗಡೆಯ ಕಿಟಕಿಯ ಮೂಲೆಯಲ್ಲಿತ್ತು. ಅಡ್ಡಗಾಳಿಗೆ ಕೊಚ್ಚಿಹೋಗದಿರಲು ಅವಳು ಮೂತಿಯನ್ನು ಗಾಳಿಯ ಕಡೆ ತಿರುಗಿಸಿ, ವಿಮಾನವನ್ನು ಏಡಿಯ ಹಾಗೆ ಅಡ್ಡಡ್ಡ ನಡೆಸಿಕೊಂಡು ಬರುತ್ತಿದ್ದಳು. ಹೀಗೆಂದು ಆಮೇಲೆ ತಿಳಿದದ್ದು. ಆಗ ನನಗೆ ತಿಳಿದದ್ದು, ಎದುರಿಗೆ ಒಂದು ಹೊಲ ಇದೆ, ನಾವು ಅದರ ಕಡೆ ನೋಡುತ್ತಾ ಬೇರೆ ಕಡೆ ಹೋಗುತ್ತಿದ್ದೇವೆ ಎಂಬುದಷ್ಟೇ.

ಕೆಳಗೆ ಬಂದೆವು. ಇನ್ನೂ ಕೆಳಗೆ. ಎರಡು ತೆಂಗಿನಮರದಷ್ಟು ಎತ್ತರ ಉಳಿದಿತ್ತು. ರನ್‌ವೇಯ ಬಿಳಿ ಗೆರೆಗಳು ದೊಡ್ಡದಾಗಿ ಕಂಡವು. ಆಗ ರಾಜೀವ್ ಚೌಕದ ಮೆಟ್ರೋದಲ್ಲಿ ಹತ್ತುವವರು ಇಳಿಯುವವರನ್ನು ತಳ್ಳುವಂತೆ ಯಾರೋ ಎಡಗಡೆಯಿಂದ ಭುಜ ಕೊಟ್ಟು ತಳ್ಳಿದರು. ರೆಕ್ಕೆ ಮೇಲೆದ್ದಿತು. ಬಿಳಿ ಗೆರೆಗಳು ಪಕ್ಕಕ್ಕೆ ಜಾರಿಹೋದವು.

ಹೆಡ್‌ಫೋನಿನಲ್ಲಿ ಅನಘಳ ದನಿ, ಬಾಗಿಲಲ್ಲಿ ನಿಂತು ಹೇಳುವಷ್ಟೇ ಸಾಧಾರಣವಾಗಿ ಕೇಳಿಸಿತು.

“ಮಾವ, ಹೋಗಿ ಬರೋಣ.”

ಎಂಜಿನ್ ಕಿರುಚಿತು. ನಾನು ಕಾಯುತ್ತಿದ್ದದ್ದು ‘ಪುನರಾರೋಹಣ’. ಅದು ಬರಲಿಲ್ಲ. ಬಂದದ್ದು, ನಮ್ಮವರು ಬೀಳ್ಕೊಳ್ಳುವಾಗ ಹೇಳುವ ಮಾತು. ಹುಡುಗಿ ಈ ಲೋಕದಿಂದ ಅಪ್ಪಣೆ ಕೇಳುತ್ತಿದ್ದಾಳೆ ಎಂದು ನನಗೆ ಸ್ಪಷ್ಟವಾಯಿತು. ಎಷ್ಟು ಸಂಸ್ಕಾರವಂತೆ, ಕೊನೆಯಲ್ಲೂ ಹಿರಿಯರಿಗೆ ಹೇಳಿ ಹೋಗುತ್ತಿದ್ದಾಳಲ್ಲ ಎಂದೂ ಅನ್ನಿಸಿತು. ಇಂಥ ಮಾತಿಗೆ ಹುಟ್ಟಿದಾಗಿನಿಂದ ರೂಢಿಯಾದ ಉತ್ತರ ಒಂದೇ. ಅದು ನನ್ನನ್ನು ಕೇಳದೆ ಬಾಯಿಂದ ಹೊರಬಿತ್ತು.

“ಹೂಂ. ಹೋಗ್ಬಾಮ್ಮ. ಒಳ್ಳೇದಾಗ್ಲಿ.”

ಹೊಲ ಕೆಳಗೆ ಸರಿಯಿತು, ಆಕಾಶ ಮೇಲಿಂದ ಬಂತು. ಅವಳು ರೇಡಿಯೋದಲ್ಲಿ ಒಂದೆರಡು ಮಾತು ಹೇಳಿದಳು, ಯಾವುದೋ ಸ್ವಿಚ್ಚನ್ನು ಹಂತಹಂತವಾಗಿ ಸರಿಸಿದಳು. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

“ಮಾವ! ನೀವೂ ಬರ್ತಾ ಇದೀರ!”

“ಎಲ್ಲಿಗೆ?”

“ಮೇಲೆ! ಗೋ ಅರೌಂಡ್ ಮಾವ, ಗೋ ಅರೌಂಡ್! ಹೋಗಿ, ಮತ್ತೆ ಬರೋದು. ನಿಮ್ಮ ಆ ಪುನಾರಾ ಗಿನಾರಾ ಬಾಯಿಗೆ ಬರಲಿಲ್ಲ. ಅತ್ತೆ ಹೇಳಿಕೊಟ್ಟಿದ್ದು ಬಂತು.” ಅವಳು ಭುಜ ಕುಲುಕುವಂತೆ ನಗುತ್ತಿದ್ದಳು, ಕಣ್ಣು ಮಾತ್ರ ಎದುರಿನ ಮೀಟರುಗಳ ಮುಳ್ಳುಗಳ ಮೇಲೇ ಇತ್ತು.

ಅಷ್ಟರಲ್ಲಿ ಕಂದು ಗೋಡೆ ಬಂದು ರನ್‌ವೇಯನ್ನೇ ನುಂಗಿತು. ಅನಘ ಅದರ ದಾರಿ ಬಿಟ್ಟು ದಕ್ಷಿಣಕ್ಕೆ ಸರಿದಳು. ಅಲ್ಲಿ ಬಿಸಿಲಿತ್ತು, ಗಾಳಿ ಸಮವಾಗಿತ್ತು. ದೊಡ್ಡದೊಂದು ಸುತ್ತಿನಲ್ಲಿ ವಿಮಾನವನ್ನು ತಿರುಗಿಸುತ್ತಾ ಅವಳು ಪರಿಸ್ಥಿತಿ ವಿವರಿಸಿದಳು. ಇಂಧನ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಇದೆ, ಕೋಲು ಹಾಕಿ ನೋಡಿದ್ದಾಳೆ. ಧೂಳು ಹಾದುಹೋಗುವವರೆಗೆ ಕಾಯುವುದು. ಕಡಿಮೆಯಾಗದಿದ್ದರೆ ಇನ್ನೂ ದಕ್ಷಿಣಕ್ಕೆ ಬೇರೊಂದು ರನ್‌ವೇ ಇದೆ. ಅಲ್ಲಿ ಇಳಿದು ಟ್ಯಾಕ್ಸಿ ಮಾಡಿಕೊಂಡು ಮನೆಗೆ ಹೋಗುವುದು.

“ನಮ್ಮ ಕಾರು?”

“ಕಾರು ನಾಳೆ ಬರ್ತಾಳೆ. ಮಾವ, ಆ ಡಬ್ಬಿಯಲ್ಲಿ ಏನಿದೆ?”

ಡಬ್ಬಿ ನನ್ನ ಮಡಿಲಲ್ಲೇ ಇತ್ತು. ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಮುಚ್ಚಳ ತೆಗೆಯಲು ಬೆರಳು ಬಿಡಿಸಿಕೊಳ್ಳಬೇಕಾಯಿತು. ಅವಳಿಗೊಂದು ಕೋಡುಬಳೆ ಕೊಟ್ಟೆ. ಹೆಡ್‌ಫೋನಿನಲ್ಲಿ ಕಟಂ ಎಂದು ಕೇಳಿಸಿತು. ಹೆದರಿದ ಪೈಲಟ್ ಕೋಡುಬಳೆ ಕೇಳಲಾರಳು ಎಂದು ತರ್ಕಿಸಿ ನಾನೂ ಒಂದು ಬಾಯಿಗೆ ಹಾಕಿಕೊಂಡೆ. ನಾವಿಬ್ಬರೂ ಉತ್ತರದಲ್ಲಿ ಹರಿಯಾಣದ ಒಂದು ಭಾಗವೇ ಕಾಣೆಯಾಗಿರುವುದನ್ನು ನೋಡುತ್ತಾ ಕೋಡುಬಳೆ ತಿಂದೆವು.

ಆ ಹೊತ್ತಿನಲ್ಲಿ ಒಂದು ವಿಷಯ ನನ್ನ ತಲೆಗೆ ಬಂತು. ರನ್‌ವೇ ಅಲ್ಲೇ ಇತ್ತು. ಇನ್ನೆರಡು ತೆಂಗಿನಮರ ಇಳಿದಿದ್ದರೆ ನೆಲ. ಎಡಗಡೆಯಿಂದ ಆಂಧಿ ಬರುತ್ತಿತ್ತು, ಪಕ್ಕದಲ್ಲಿ ಪರೀಕ್ಷಿಸಲು ಬಂದ ಮಾವ ಕುಳಿತಿದ್ದ, ಅವಳ ಕೆಲಸವೇ ಆ ಇಳಿತದ ಮೇಲೆ ನಿಂತಿತ್ತು. ಯಾರಾದರೂ ಆಗಿದ್ದರೆ ಹೇಗಾದರೂ ಮಾಡಿ ಇಳಿಸಿಬಿಡುತ್ತಿದ್ದರು. ನಾನು ಸರ್ಕಾರದಲ್ಲಿದ್ದಷ್ಟು ಕಾಲವೂ, ತಪ್ಪು ಎಂದು ಎಲ್ಲರಿಗೂ ಗೊತ್ತಿದ್ದ ಎಷ್ಟೋ ಕಡತಗಳು ಇಷ್ಟು ದೂರ ಬಂದಿವೆಯಲ್ಲ ಎಂಬ ಒಂದೇ ಕಾರಣಕ್ಕೆ ಇಳಿದದ್ದನ್ನು ಕಂಡಿದ್ದೇನೆ. ಈ ಹುಡುಗಿ ಕೈಗೆಟುಕಿದ್ದನ್ನು ಬಿಟ್ಟು ಮೇಲಕ್ಕೆ ಹೋದಳು. ಅದೂ ನಾಲಗೆ ಹೊರಳದ ಪದವೊಂದನ್ನು ಪಕ್ಕಕ್ಕಿಟ್ಟು, ಮನೆಯ ಮಾತಿನಲ್ಲಿ ಹೇಳಿ.

ಧೂಳು ಪೂರ್ವಕ್ಕೆ ಸಾಗಿತು. ಹಿಂದೆಯೇ ನಾಲ್ಕು ಹನಿ ಬಿದ್ದು ಕೆಳಗಿನ ನೆಲ ಮತ್ತೆ ಕಂಡಿತು. ರೇಡಿಯೋದಲ್ಲಿ ಗಾಳಿಯ ಲೆಕ್ಕ ಕೇಳಿ ಅನಘ ತಲೆಯಾಡಿಸಿದಳು. “ಇನ್ನೂ ಅಡ್ಡ ಇದಾಳೆ, ಆದ್ರೆ ಈಗ ತಳ್ಳಲ್ಲ, ಬರೀ ಒರಗ್ತಾಳೆ. ಮಾವ, ಈ ಸಲವೂ ಸರಿ ಅನ್ನಿಸ್ಲಿಲ್ಲ ಅಂದ್ರೆ...”

“ಹೋಗಿ ಬರೋಣ,” ಎಂದೆ. ಹೇಳಿದ ಮೇಲೆ ಎದೆಬಡಿತ ಸ್ವಲ್ಪ ಕಡಿಮೆಯಾಯಿತು. ನಿಜ.

ಮತ್ತೆ ಏಡಿಯ ನಡಿಗೆ. ಮತ್ತೆ ರನ್‌ವೇ ನನ್ನ ಕಿಟಕಿಯ ಮೂಲೆಯಲ್ಲಿ. ಈ ಸಲ ಕಣ್ಣು ಮುಚ್ಚಲಿಲ್ಲ. ಅವಳ ಕೈ ಸದಾ ಸಣ್ಣದಾಗಿ ಆಡುತ್ತಿತ್ತು, ದೋಸೆಯ ಹಿಟ್ಟನ್ನು ಕಾವಲಿಯ ಮೇಲೆ ಹರಡುವ ಕೈಯ ಹಾಗೆ. ನೆಲ ತೀರಾ ಸಮೀಪ ಬಂದಾಗ ಅವಳು ಕಾಲಿನಿಂದ ಏನೋ ಒತ್ತಿದಳು. ಮೂತಿ ನೇರವಾಯಿತು. ಎಡಗಡೆಯ ರೆಕ್ಕೆ ಗಾಳಿಯ ಕಡೆ ಕೊಂಚ ಬಾಗಿತು. ಮೊದಲು ಎಡಗಡೆಯ ಒಂದು ಚಕ್ರ ಮಾತ್ರ ನೆಲ ಮುಟ್ಟಿತು, ಪಾದ ಇಡಬಹುದೋ ಎಂದು ನೆಲವನ್ನು ಕೇಳುವ ಹಾಗೆ. ಆಮೇಲೆ ಬಲಗಡೆಯದು. ಆಮೇಲೆ ಮುಂದಿನದು. ನಾವು ನೆಲದ ಮೇಲೆ ಓಡುತ್ತಿದ್ದೆವು, ಕಾರಿನ ಹಾಗೆ.

ಎಂಜಿನ್ ನಿಲ್ಲಿಸಿದ ಮೇಲೆ ಅವಳು ಸ್ವಲ್ಪ ಹೊತ್ತು ಹಾಗೇ ಕುಳಿತಳು. ಅವಳ ಕೈಬೆರಳು ನಡುಗುತ್ತಿದ್ದುದನ್ನು ನಾನು ಆಗ ನೋಡಿದೆ.

“ಈಗ ನಡುಗಿದ್ರೆ ಪರವಾಗಿಲ್ಲ ಮಾವ,” ಎಂದಳು. ಆಮೇಲೆ, ಬೆಲ್ಟು ಬಿಚ್ಚುತ್ತಾ, “ಅಮ್ಮ ಹೇಳಲ್ಲ, ಗೊತ್ತಾ? ಹೋಗ್ಬಾ ಅಂತ. ಒಂದು ವರ್ಷ ಆಯ್ತು. ನೀವು ಹೇಳಿದ್ರಿ. ರಾಂಗ್ ಟೈಮ್‌ನಲ್ಲಿ ಹೇಳಿದ್ರಿ, ಆದ್ರೂ ಹೇಳಿದ್ರಿ,” ಎಂದಳು.

ಕಾರಿನಲ್ಲಿ ಹಿಂದಿರುಗುವಾಗ ಸಮಿತಿ ತನ್ನ ವರದಿಯ ಬಗ್ಗೆ ಗಂಭೀರವಾಗಿ ಚಿಂತಿಸಿತು. ಪ್ರತಿಕೂಲ ವರದಿ ಕೊಡುವುದು ಸುಲಭ. ಬೇಡ ಎಂದ ಅಧಿಕಾರಿಯನ್ನು ಮುಂದೆ ಯಾರೂ ಪ್ರಶ್ನಿಸುವುದಿಲ್ಲ. ಆಗದೇ ಹೋದ ಅಪಘಾತಕ್ಕೆ ಯಾರೂ ಹೊಣೆಯಲ್ಲ. ಈ ತತ್ತ್ವದ ಮೇಲೆ ನಡೆದು ಪಿಂಚಣಿಯವರೆಗೆ ಬಂದವರನ್ನು ನಾನು ಬಲ್ಲೆ, ಅವರಲ್ಲಿ ಒಬ್ಬರನ್ನು ಬಹಳ ಹತ್ತಿರದಿಂದ ಬಲ್ಲೆ. ಅಲ್ಲದೆ ಸುಮಿತ್ರಾ ಹೆದರಿದ್ದೆಲ್ಲ ನನ್ನ ಕಣ್ಣೆದುರೇ ನಡೆದಿತ್ತು. ಅನಘ ದಾರಿಯುದ್ದಕ್ಕೂ ಏನೂ ಕೇಳಲಿಲ್ಲ. ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ಬಿದ್ದಾಗ ಮಾತ್ರ, “ಮಾವ, ಇದ್ದದ್ದು ಇದ್ದ ಹಾಗೇ ಹೇಳಿ. ಬಚಾವ್ ಮಾಡ್ಬೇಡಿ,” ಎಂದಳು.

ನಮ್ಮ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ಹೆಜ್ಜೆ ಮೂಡುವಷ್ಟು ಧೂಳು. ಊಟದ ಮೇಜು, ಟಿ.ವಿ., ಬೋರಲು ಹಾಕಿದ್ದ ಲೋಟಗಳು, ಶೈತ್ಯಕ, ಎಲ್ಲದರ ಮೇಲೂ. ದಿನಕ್ಕೆರಡು ಸಲ ಧೂಳು ಒರೆಸುವ ಲಲಿತಾ, ಪಕ್ಕದಲ್ಲಿ ಸುಮಿತ್ರಾ, ಇಬ್ಬರೂ ಬಾಲ್ಕನಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಆಂಧಿ ಬಂದಾಗ ಕಿಟಕಿ ಮುಚ್ಚಲು ಇಬ್ಬರೂ ಎದ್ದಿರಲಿಲ್ಲ. ಆಕಾಶ ನೋಡುತ್ತಿದ್ದರು. ಇಬ್ಬರ ಹುಬ್ಬಿನ ಮೇಲೂ ಧೂಳು ಕೂತಿತ್ತು.

“ಬಂದ್ಯಾ?” ಎಂದಳು ಸುಮಿತ್ರಾ ಮಗಳಿಗೆ. ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿದಳು. “ಹೇಳಣ್ಣ.”

ದಾರಿಯಲ್ಲಿ ರಚಿಸಿದ್ದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ. “ಆಂಧಿ ಬಂತು ಸುಮಿ. ಇಳಿಯಕ್ಕೆ ಹೋದ್ವಿ, ಆಗ್ಲಿಲ್ಲ. ನೆಲದ ಹತ್ರ ಹೋಗಿ ಮತ್ತೆ ಮೇಲೆ ಹೋದ್ವಿ.”

ಸುಮಿತ್ರಾಳ ಮುಖ ಬಿಗಿಯಿತು. “ಅಂದ್ರೆ? ಇವಳಿಗೆ ಇಳಿಸಕ್ಕೆ ಬರ್ಲಿಲ್ವಾ?”

“ಇಳಿಸಕ್ಕೆ ಬರುತ್ತೆ. ಆಮೇಲೆ ಇಳಿಸಿದ್ಲಲ್ಲ, ಒಂದು ಚಕ್ರದ ಮೇಲೆ, ಹೂ ಇಟ್ಟ ಹಾಗೆ. ಆದ್ರೆ ಅದಕ್ಕಿಂತ ಮುಂಚೆ, ಈಗ ಇಳಿಸಬಾರದು ಅಂತ ಅವಳಿಗೆ ಗೊತ್ತಾಯ್ತು. ನನಗೆ ಅದು ದೊಡ್ಡದಾಗಿ ಕಾಣ್ಸತ್ತೆ.”

“ನಿನಗೆ ಭಯ ಆಗ್ಲಿಲ್ವಾ?”

“ಕೇಳ್ಬೇಕಾ! ಹಿಡಿಕೆ ನನ್ನ ಕೈಲಿ ಇರ್ಲಿಲ್ಲ, ಪುಣ್ಯ.”

“ಅಮ್ಮಾ, ಮಾವ ನನಗೆ ಗುಡ್‌ಬೈ ಹೇಳ್ಬಿಟ್ರು!” ಎಂದು ಅನಘ ತಡೆಯಲಾರದೆ ಶುರುಮಾಡಿದಳು. ಹೇಳಬೇಡ ಎಂದು ನಾನು ಸನ್ನೆ ಮಾಡಿದ್ದು ಧೂಳಿನಲ್ಲಿ ಕಾಣಿಸಲಿಲ್ಲವೋ ಏನೋ. ಪುನರಾರೋಹಣದಿಂದ ಹಿಡಿದು “ಹೋಗ್ಬಾಮ್ಮ, ಒಳ್ಳೇದಾಗ್ಲಿ”ವರೆಗೆ ಪೂರ್ತಿ ಕಥೆ ನನ್ನ ದನಿಯನ್ನು ಅಣಕಿಸುತ್ತಾ ಒಪ್ಪಿಸಿದಳು. ಲಲಿತಾ ಕುರ್ಚಿಯಲ್ಲೇ ಬಾಗಿ ನಕ್ಕಳು. ಸುಮಿತ್ರಾ ನಗಲಿಲ್ಲ.

“ನೀನು ಏನಂದೆ ಅಂದೆ?”

“ಹೋಗಿ ಬರೋಣ ಅಂದೆ ಅಮ್ಮಾ.”

“ಅಷ್ಟು ಗಡಿಬಿಡೀಲಿ?”

“ಗಡಿಬಿಡಿ ಏನಿರಲಿಲ್ಲ.”

ಸುಮಿತ್ರಾ ಮಗಳನ್ನು ನೋಡುತ್ತಾ ಎದ್ದು ನಿಂತಳು. ಆಮೇಲೆ ನನ್ನನ್ನು ನೋಡಿದಳು. “ನಾನು ಬೇಡ ಅನ್ನಲ್ಲ ಸುಮಿ,” ಎಂದೆ. ಅವಳು ಒಳಗೆ ಹೋಗಿ ಬಟ್ಟೆ ಒದ್ದೆ ಮಾಡಿಕೊಂಡು ಬಂದು ಮೇಜು ಒರೆಸತೊಡಗಿದಳು. ಒಂದೇ ಜಾಗವನ್ನು ಬಹಳ ಹೊತ್ತು ಒರೆಸಿದಳು.

ಅದಾದ ಮೇಲೆ ನಾನು ಪದ ಕಟ್ಟುವುದನ್ನು ಪೂರ್ತಿ ಬಿಟ್ಟಿಲ್ಲ, ಚಾಳಿ ಸುಲಭವಾಗಿ ಹೋಗುವುದಿಲ್ಲ. ಆದರೆ ‘ಪುನರಾರೋಹಣ’ವನ್ನು ಸಮಿತಿ ವಿಧ್ಯುಕ್ತವಾಗಿ ಹಿಂದಕ್ಕೆ ಪಡೆದಿದೆ. ನಾನು ಜೀವಮಾನವಿಡೀ ಹುಡುಕುತ್ತಿದ್ದಂಥ ಪದ ನಮ್ಮ ಮನೆಯ ಹೊಸ್ತಿಲಲ್ಲೇ ಬಿದ್ದಿತ್ತು, ಅದನ್ನು ಎತ್ತಿಕೊಂಡವಳು ಗಾಳಿಯನ್ನು “ಬರ್ತಾಳೆ” ಎನ್ನುವ ಹುಡುಗಿ. ಈಗಲೂ ಮೇ ತಿಂಗಳಲ್ಲಿ ಪಶ್ಚಿಮ ಕಂದಾದರೆ ಎದ್ದು ಕಿಟಕಿ ಮುಚ್ಚುತ್ತೇನೆ. ಮುಚ್ಚುವಾಗ ಅವಳ ನೆನಪಾಗುತ್ತದೆ. ಅಂಜಿಕೆ ಇಲ್ಲವೆಂದಲ್ಲ. ಅಂಜಿಕೆಯ ಜೊತೆಗೆ ಕೋಡುಬಳೆಯ ಕಟಂ ಸದ್ದೂ ಕೇಳಿಸುತ್ತದೆ.

ಆಂಧಿ ಬಂದ ಆ ವಾರವೇ ಒಂದು ಬೆಳಿಗ್ಗೆ ಸುಮಿತ್ರಾ ಫೋನ್ ಮಾಡಿದ್ದಳು. ಏನೋ ಮದುವೆಯ ಉಡುಗೊರೆಯ ವಿಷಯ. ಮಾತಿನ ಮಧ್ಯೆ ಅವಳ ಹಿಂದಿನಿಂದ ಬಾಗಿಲು ತೆರೆದ ಸದ್ದು, ಆಮೇಲೆ ಅನಘಳ ದನಿ ಕೇಳಿಸಿತು. “ಅಮ್ಮಾ, ಹೋಗ್ತೀನಿ.”

ಮಿಕ್ಸಿಯ ಸದ್ದಿಗಾಗಿ ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ.

“ಏನಂದೆ?” ಎಂದಳು ಸುಮಿತ್ರಾ, ನನಗಲ್ಲ.

ಬಾಗಿಲಿಂದ ಮತ್ತೆ ಅನಘಳ ದನಿ. “ಹೋಗಿ ಬರ್ತೀನಿ.”

“ಹೂಂ. ಹೋಗ್ಬಾ.”

ಬಾಗಿಲು ಮುಚ್ಚಿತು. ನಾನು ಕೇಳಿದೆ. “ಸುಮಿ, ಮಿಕ್ಸಿ?”

“ಕೆಟ್ಟಿದೆ ಅಣ್ಣ,” ಎಂದಳು ನನ್ನ ತಂಗಿ.